ಟ್ರ್ಯಾಕ್‌ಗಳಿಲ್ಲದ ಟೈಮ್‌ಲೈನ್: ಫೈನಲ್ ಕಟ್ ಪ್ರೊ ಎಕ್ಸ್ ಬಳಸಿದವನ ಮಾತು

ಆಪಲ್ ಸಂಸ್ಥೆ 2011ರ ಜೂನ್ 21ರಂದು ಫೈನಲ್ ಕಟ್ ಪ್ರೊ ಎಕ್ಸ್ ಎಂಬ ವಿಡಿಯೋ ಸಂಕಲನ ತಂತ್ರಾಂಶವನ್ನು ಬಿಡುಗಡೆ ಮಾಡಿದಾಗ ನಾನು ಫೈನಲ್ ಕಟ್ ಪ್ರೊದ ಏಳನೆಯ ಆವೃತ್ತಿಯಲ್ಲಿ ಸಾಕ್ಷ್ಯಚಿತ್ರಗಳನ್ನೂ ಯಕ್ಷಗಾನ ಪ್ರದರ್ಶನಗಳ ದಾಖಲೆಗಳನ್ನೂ ಸಂಕಲನ ಮಾಡುತ್ತಿದ್ದೆ. ಎಂಟು, ಒಂಬತ್ತು ಇಲ್ಲದೆ ನೇರವಾಗಿ ಹತ್ತಕ್ಕೆ ಹಾರಿದ ಆವೃತ್ತಿ ಈ ಎಕ್ಸ್. ಹೆಸರಿನಲ್ಲಿದ್ದದ್ದು ರೋಮನ್ ಅಂಕಿ, ಅದನ್ನು 'ಟೆನ್' ಎಂದು ಓದಬೇಕು, ಆದರೆ ನಮ್ಮ ಎಡಿಟಿಂಗ್ ಕೋಣೆಗಳಲ್ಲಿ ಎಲ್ಲರೂ ಅದನ್ನು ಎಕ್ಸ್ ಎಂದೇ ಕರೆದರು. ಏಳು ಸೇರಿದ್ದ ಹಳೆಯ ಫೈನಲ್ ಕಟ್ ಸ್ಟುಡಿಯೋ ಎಂಬ ತಂತ್ರಾಂಶಗಳ ಕಂತೆಗೆ 999 ಡಾಲರ್ ಇತ್ತು, ಹೊಸದಕ್ಕೆ 299.99 ಡಾಲರ್. ಬೆಲೆ ಇಳಿದದ್ದನ್ನು ಕಂಡು ಸಂತೋಷಪಟ್ಟವರು, ಒಳಗೆ ಹೊಕ್ಕು ನೋಡಿದ ಮೇಲೆ ಬೆಚ್ಚಿಬಿದ್ದು ಸಿಟ್ಟಾದರು.

ಆ ಸಿಟ್ಟಿಗೆ ಕಾರಣಗಳಿದ್ದವು. ಏಳರಲ್ಲಿ ಮಾಡಿಟ್ಟ ಪ್ರಾಜೆಕ್ಟ್ ಎಕ್ಸ್‌ನಲ್ಲಿ ತೆರೆಯುತ್ತಿರಲಿಲ್ಲ. ಹಲವು ಕ್ಯಾಮೆರಾಗಳ ದೃಶ್ಯಗಳನ್ನು ಒಟ್ಟಿಗೆ ಸಂಕಲಿಸುವ ಮಲ್ಟಿಕ್ಯಾಮ್ ಇರಲಿಲ್ಲ. ಧ್ವನಿ ಮಿಶ್ರಣದವರಿಗೆ ಕೊಡಬೇಕಾದ ಒಎಂಎಫ್, ವರ್ಣ ತಿದ್ದುವವರಿಗೆ ಕೊಡಬೇಕಾದ ಇಡಿಎಲ್ ಮತ್ತು ಎಕ್ಸ್‌ಎಂಎಲ್ ಕಡತಗಳನ್ನು ಹೊರತೆಗೆಯುವ ದಾರಿಯೂ ಇರಲಿಲ್ಲ. ಹಿನ್ನೆಲೆಯಲ್ಲಿ ತಾನಾಗಿಯೇ ನಡೆಯುವ ರೆಂಡರಿಂಗ್ (ಬದಲಾವಣೆಗಳನ್ನು ಸೇರಿಸಿ ದೃಶ್ಯವನ್ನು ಸಿದ್ಧಗೊಳಿಸುವ ಕೆಲಸ) ಇತ್ತು, 32 ಬಿಟ್ ತಂತ್ರಾಂಶದ ನಾಲ್ಕು ಗಿಗಾಬೈಟ್ ಮೆಮೊರಿಯ ಮಿತಿ ದಾಟಿದ 64 ಬಿಟ್ ಶಕ್ತಿ ಇತ್ತು. ಆದರೆ ದಿನನಿತ್ಯದ ಕೆಲಸಕ್ಕೆ ಬೇಕಾದದ್ದೇ ಇಲ್ಲದಿರುವಾಗ ಇವೆಲ್ಲ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ತೋರಿದವು. ಅದೇ ಹೊತ್ತಿಗೆ ಹಳೆಯ ಆವೃತ್ತಿಯ ಮಾರಾಟವನ್ನೂ ನಿಲ್ಲಿಸಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು; ಕೆಲವು ತಿಂಗಳ ನಂತರ ಅದನ್ನು ಸೀಮಿತವಾಗಿ ಮತ್ತೆ ಮಾರಬೇಕಾಯಿತು. ಈ ಹೊಸ ಆವೃತ್ತಿಯ ಹಿಂದಿದ್ದವರು ಹೊರಗಿನವರೇನಲ್ಲ. ಮೊದಲ ಫೈನಲ್ ಕಟ್ ರೂಪಿಸಿದ, ಅದಕ್ಕೂ ಮೊದಲು ಅಡೋಬ್‌ನ ಸಂಕಲನ ತಂತ್ರಾಂಶ ಪ್ರೀಮಿಯರ್‌ನ ಆರಂಭದ ಆವೃತ್ತಿಗಳನ್ನು ಬರೆದ ರ್‍ಯಾಂಡಿ ಉಬಿಲೋಸ್ ಅವರೇ. ಮನೆ ಕಟ್ಟಿದ ಮೇಸ್ತ್ರಿಯೇ ಅದನ್ನು ಕೆಡವಿ ಬೇರೆ ನಕ್ಷೆ ಹಿಡಿದು ಬಂದಂತೆ.

ಇಲ್ಲದವುಗಳ ಪಟ್ಟಿ ಕಾಲಕ್ರಮೇಣ ಕರಗಿತು. 2011ರ ಸೆಪ್ಟೆಂಬರ್‌ನಲ್ಲಿ ಎಕ್ಸ್‌ಎಂಎಲ್, 2012ರ ಜನವರಿಯಲ್ಲಿ 64 ಕೋನಗಳವರೆಗಿನ ಮಲ್ಟಿಕ್ಯಾಮ್ ಬಂದವು. ಹಳೆಯ ಪ್ರಾಜೆಕ್ಟ್‌ಗಳನ್ನು ಪರಿವರ್ತಿಸುವ ತಂತ್ರಾಂಶವನ್ನು ಬೇರೆಯವರು ಮಾಡಿಕೊಟ್ಟರು. ನನಗೆ ನಿಜವಾಗಿ ಕಷ್ಟವಾದದ್ದು ಇಲ್ಲದ ಸೌಲಭ್ಯವಲ್ಲ, ಇದ್ದ ಟೈಮ್‌ಲೈನ್, ಅಂದರೆ ದೃಶ್ಯ, ಧ್ವನಿಯ ತುಣುಕುಗಳನ್ನು ಕ್ರಮವಾಗಿ ಜೋಡಿಸುವ ಜಾಗ.

ಬಾಳೆ ಎಲೆಯ ಮೇಲೆ ಉಪ್ಪಿಗೆ, ಉಪ್ಪಿನಕಾಯಿಗೆ, ಪಲ್ಯಕ್ಕೆ ಇಂತಿಂಥದೇ ಜಾಗ ಎಂದಿರುವ ಹಾಗೆ ಏಳರ ಟೈಮ್‌ಲೈನ್‌ನಲ್ಲಿ ಪ್ರತಿಯೊಂದಕ್ಕೂ ನಾವು ಜಾಗ ಗೊತ್ತುಮಾಡಿಕೊಂಡಿದ್ದೆವು: ಸಂದರ್ಶನದ ಧ್ವನಿ ಮೊದಲೆರಡು ಟ್ರ್ಯಾಕ್ (ಅಡ್ಡ ಸಾಲು), ಪರಿಸರದ ಸದ್ದು ಮುಂದಿನೆರಡು, ಸಂಗೀತ ಕೊನೆಯ ಎರಡು. ಪರದೆಯನ್ನು ಓದದೆಯೇ, ಎಷ್ಟನೆಯ ಸಾಲು ಎಂಬುದರಿಂದಲೇ ಯಾವುದು ಏನೆಂದು ಕಣ್ಣಿಗೆ ತಿಳಿಯುತ್ತಿತ್ತು. ಎಕ್ಸ್‌ನಲ್ಲಿ ಟ್ರ್ಯಾಕ್ ಎಂಬುದೇ ಇಲ್ಲ. ನಡುವೆ ಒಂದು ಮುಖ್ಯ ಕಥಾಸಾಲು, ಅದರಲ್ಲಿನ ಯಾವುದೋ ಒಂದು ಕ್ಲಿಪ್‌ಗೆ ಅಂಟಿಕೊಂಡು ಮೇಲೆ ಕೆಳಗೆ ಉಳಿದವು. ಸಾಲಿನಲ್ಲಿ ಒಂದನ್ನು ತೆಗೆದರೆ ಅದರ ನಂತರದ್ದು ತಾನೇ ಬಂದು ಜಾಗ ತುಂಬುತ್ತದೆ, ಅದಕ್ಕೆ ಅಂಟಿದ್ದೆಲ್ಲ ಜೊತೆಯಲ್ಲೇ ಸರಿಯುತ್ತದೆ. ಕ್ಲಿಪ್ ಎಲ್ಲಿದೆ ಎಂಬ ಪ್ರಶ್ನೆಯ ಬದಲು ಅದು ಯಾವುದರ ಆಸರೆಯಲ್ಲಿದೆ ಎಂದು ಕೇಳಿಕೊಳ್ಳಬೇಕು. ಹತ್ತು ವರ್ಷ ಕೈಗೆ ಕಲಿಸಿದ್ದನ್ನು ಮರೆಸುವುದು, ಹೊಸದನ್ನು ಕಲಿಸುವುದಕ್ಕಿಂತ ಕಷ್ಟದ ಕೆಲಸ.

ಇದಕ್ಕೆ ನಾನು ತೆತ್ತ ಶುಲ್ಕವನ್ನೂ ಹೇಳಬೇಕು. ನೇಕಾರರ ಕುರಿತ ಸಾಕ್ಷ್ಯಚಿತ್ರವೊಂದರಲ್ಲಿ ಹಿರಿಯರೊಬ್ಬರ ಮಾತಿನ ಒಂದು ವಾಕ್ಯ ಬೇಡವೆಂದು ತೆಗೆದುಹಾಕಿದೆ. ಆ ವಾಕ್ಯಕ್ಕೇ ಮುಂದಿನ ಮೂರು ನಿಮಿಷದ ಸಂಗೀತದ ತುದಿಯನ್ನು ನಾನು ಅಂಟಿಸಿದ್ದೆನೆಂಬುದು ನೆನಪಿರಲಿಲ್ಲ. ವಾಕ್ಯದೊಂದಿಗೆ ಸಂಗೀತವೂ ಹೋಯಿತು. ನಿರ್ದೇಶಕರು ಪಕ್ಕದಲ್ಲಿ ಕುಳಿತು ನೋಡುವಾಗ ಮಗ್ಗದ ಸದ್ದೊಂದೇ ಕೇಳುತ್ತ ಬಂತು. "ಇದು ಬೇಕೆಂದೇ ಮಾಡಿದ್ದಾ? ಚೆನ್ನಾಗಿದೆ" ಎಂದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮಗ್ಗದ ಸದ್ದು ಚಿತ್ರದಲ್ಲಿ ಉಳಿಯಿತು, ನಾನು ಮಾತ್ರ ಅಂದಿನಿಂದ ಎರಡು ಅಭ್ಯಾಸ ಮಾಡಿಕೊಂಡೆ. ಅಳಿಸುವಾಗ ಶಿಫ್ಟ್ ಕೀಲಿಯನ್ನೂ ಒತ್ತಿದರೆ ಆ ಜಾಗದಲ್ಲಿ ಖಾಲಿ ಗ್ಯಾಪ್ ಉಳಿದು ಅಂಟಿದ್ದೆಲ್ಲ ಬದುಕಿಕೊಳ್ಳುತ್ತದೆ. ಆಪ್ಷನ್ ಮತ್ತು ಕಮ್ಯಾಂಡ್ ಒತ್ತಿ ಕ್ಲಿಪ್ ಮೇಲೆ ಕ್ಲಿಕ್ ಮಾಡಿದರೆ ಅದು ಅಂಟಿಕೊಂಡ ಬಿಂದುವನ್ನೇ ಬೇರೆಡೆಗೆ ಸರಿಸಬಹುದು. ಹೊಸಬರಿಗೆ ಮೊದಲ ದಿನವೇ ಇವೆರಡನ್ನು ಹೇಳಿಕೊಡುತ್ತೇನೆ.

ನನ್ನನ್ನು ಈ ತಂತ್ರಾಂಶದ ಕಡೆಗೆ ಪೂರ್ತಿಯಾಗಿ ಒಲಿಸಿದ್ದು ಟೈಮ್‌ಲೈನ್ ಅಲ್ಲ, ರಶಸ್, ಅಂದರೆ ಚಿತ್ರೀಕರಿಸಿದ ಕಚ್ಚಾ ದೃಶ್ಯಗಳನ್ನು, ನೋಡುವ ಭಾಗ. ಬೆಳಗಿನವರೆಗೆ ನಡೆಯುವ ಯಕ್ಷಗಾನಕ್ಕೆ ಮೂರು ಕ್ಯಾಮೆರಾ ಇಟ್ಟರೆ ಹತ್ತಿಪ್ಪತ್ತು ಗಂಟೆಗಳ ದೃಶ್ಯ ಕೈಗೆ ಬರುತ್ತದೆ. ಹಿಂದೆ ಅದನ್ನು ತುಂಡು ಮಾಡಿ ಬೇರೆಬೇರೆ ಬಿನ್‌ಗಳಿಗೆ (ಫೋಲ್ಡರ್‌ಗಳಿಗೆ) ಹಾಕುತ್ತಿದ್ದೆ. ಒಂದು ತುಂಡು ಎರಡು ಕಡೆ ಬೇಕಾದರೆ ಎರಡು ಸಲ ಹಾಕಬೇಕಿತ್ತು. ಈಗ ಮೌಸನ್ನು ಕ್ಲಿಪ್‌ನ ಮೇಲೆ ಆಡಿಸುತ್ತ ಹೋದಂತೆ ದೃಶ್ಯ ಓಡುತ್ತದೆ, ಬೇಕಾದಷ್ಟು ಭಾಗವನ್ನು ಗುರುತಿಸಿ 'ಒಡ್ಡೋಲಗ', 'ಹಾಸ್ಯಗಾರ', 'ಭಾಗವತರು' ಎಂದು ಕೀವರ್ಡ್ ಕೊಡುತ್ತೇನೆ. ಹಾಸ್ಯಗಾರರು ಭಾಗವತರೊಂದಿಗೆ ಮಾತಿಗಿಳಿದ ನಾಲ್ಕು ನಿಮಿಷ ಎರಡೂ ಪಟ್ಟಿಯಲ್ಲಿ ತಾನಾಗಿಯೇ ಇರುತ್ತದೆ. ಆಮೇಲೆ ಮೂರು ಕ್ಯಾಮೆರಾಗಳನ್ನು ಧ್ವನಿಯ ಆಧಾರದಲ್ಲಿ ಒಟ್ಟುಗೂಡಿಸಿ, ಪ್ರದರ್ಶನ ಓಡುತ್ತಿರುವಾಗಲೇ ಒಂದು, ಎರಡು, ಮೂರು ಅಂಕಿಗಳನ್ನು ಒತ್ತುತ್ತ ಕೋನ ಬದಲಿಸಬಹುದು. ಚೆಂಡೆಯ ಪೆಟ್ಟುಗಳು ಒಂದನ್ನೊಂದು ಹೋಲಿ ಈ ಹೊಂದಿಕೆ ತಪ್ಪಬಹುದಾದ್ದರಿಂದ, ರಂಗಸ್ಥಳ ಖಾಲಿಯಿರುವಾಗ ಮೂರೂ ಕ್ಯಾಮೆರಾ ಓಡಿಸಿ ಒಂದು ಚಪ್ಪಾಳೆ ಹೊಡೆಯಿರಿ ಎಂದು ಕ್ಯಾಮೆರಾದವರಿಗೆ ಹೇಳಿಟ್ಟಿರುತ್ತೇನೆ. ಮಲ್ಟಿಕ್ಯಾಮ್ ಇಲ್ಲದ ಮೊದಲ ಏಳು ತಿಂಗಳು ಯಕ್ಷಗಾನದ ಕೆಲಸವನ್ನೆಲ್ಲ ಏಳರಲ್ಲೇ ಮುಗಿಸಿದೆ.

ಧ್ವನಿಯ ವಿಷಯದಲ್ಲಿ ನನ್ನ ಅಸಮಾಧಾನ ಇನ್ನೂ ಪೂರ್ತಿ ಹೋಗಿಲ್ಲ. ಟ್ರ್ಯಾಕ್ ಬದಲಿಗೆ ಬಂದದ್ದು 'ರೋಲ್': ಪ್ರತಿ ಕ್ಲಿಪ್‌ಗೂ ಮಾತು, ಸಂಗೀತ, ಪರಿಣಾಮ ಎಂಬ ಹಣೆಪಟ್ಟಿ. 2016ರ ಅಕ್ಟೋಬರ್‌ನಲ್ಲಿ ಬಂದ 10.3 ಆವೃತ್ತಿ ಈ ರೋಲ್‌ಗಳಿಗೆ ಬಣ್ಣವನ್ನೂ ಪ್ರತ್ಯೇಕ ಸಾಲುಗಳನ್ನೂ ಕೊಟ್ಟ ಮೇಲೆ ನನ್ನ ಬಾಳೆ ಎಲೆಯ ಜಾಗಗಳು ಬೇರೆ ಹೆಸರಿನಲ್ಲಿ ಮರಳಿ ಬಂದವು. ಆದರೆ ಮಿಕ್ಸಿಂಗ್‌ಗೆ ಎಎಎಫ್ ಕಡತ ಕೊಡಲು ನಾನು ಇಂದಿಗೂ ಬೇರೆಯವರ ತಂತ್ರಾಂಶದ ಮೊರೆಹೋಗುತ್ತೇನೆ. ಮೊದಲ ಕ್ಲಿಪ್‌ನಿಂದಲೇ ರೋಲ್ ಸರಿಯಾಗಿ ಕೊಡದವರು ಕೊನೆಯ ವಾರ ನಿದ್ದೆಗೆಡುತ್ತಾರೆ.

ತಾನೊಬ್ಬನೇ ಆರಂಭದಿಂದ ಕೊನೆಯವರೆಗೆ ಕೆಲಸ ಮಾಡುವವನಿಗೆ, ಅದರಲ್ಲೂ ರಶಸ್ ರಾಶಿ ಬೀಳುವ ಸಾಕ್ಷ್ಯಚಿತ್ರದವರಿಗೆ, ಇದನ್ನು ಅನುಮಾನವಿಲ್ಲದೆ ಸೂಚಿಸುತ್ತೇನೆ. ಕಥಾಚಿತ್ರದ ಸಂಕಲನ, ಡಿಐ (ವರ್ಣ ತಿದ್ದುವಿಕೆ), ಮಿಕ್ಸಿಂಗ್ ಮೂರು ಕಡೆ ನಡೆಯುವಲ್ಲಿ, ಉಳಿದವರು ಏನು ಬಳಸುತ್ತಾರೆಂದು ಕೇಳದೆ ಇದಕ್ಕೆ ಕೈಹಾಕುವುದು ಬೇಡ. ಹಳೆಯದರಲ್ಲೇ ಉಳಿದವರನ್ನು ನಾನು ಹಟಮಾರಿಗಳೆಂದು ಕರೆಯಲಾರೆ. 2020ರಲ್ಲಿ ಆಸ್ಕರ್‌ನ ಶ್ರೇಷ್ಠ ಚಿತ್ರವೆನಿಸಿದ ಕೊರಿಯಾದ ಸಿನಿಮಾದ ಸಂಕಲನ ನಡೆದದ್ದು ಏಳನೆಯ ಆವೃತ್ತಿಯಲ್ಲಿಯೇ.

ಏಳು ಈಗಿನ ಮ್ಯಾಕ್‌ಗಳಲ್ಲಿ ಓಡುವುದಿಲ್ಲವಾದ್ದರಿಂದ ಹಳೆಯ ಯಂತ್ರವೊಂದನ್ನು ಅದಕ್ಕೆಂದೇ ಇಟ್ಟುಕೊಂಡಿದ್ದೇನೆ. ಕಳೆದ ತಿಂಗಳು ಹಿಂದಿನ ಪ್ರದರ್ಶನವೊಂದರ ತುಣುಕು ಕೇಳಿ ಕಲಾವಿದರೊಬ್ಬರು ಫೋನ್ ಮಾಡಿದ್ದರಿಂದ ಅದನ್ನು ತೆರೆದೆ. ಎಕ್ಸ್‌ನಲ್ಲಿ ಮಾಡುವಂತೆ ಕ್ಲಿಪ್ ಅಂಟಿಸಲೆಂದು ಬೆರಳು ತಾನಾಗಿ ಕ್ಯೂ ಕೀಲಿಗೆ ಹೋಯಿತು. ಏಳರಲ್ಲಿ ಅದು ವ್ಯೂವರ್ ಮತ್ತು ಕ್ಯಾನ್ವಾಸ್ ಕಿಟಕಿಗಳ ನಡುವೆ ಅತ್ತಿಂದಿತ್ತ ಹಾರುವ ಕೀಲಿ. ನಾಲ್ಕೈದು ಸಲ ಹಾಗೆಯೇ ಹಾರಿಸಿದ ಮೇಲೆ ಏನಾಗುತ್ತಿದೆ ಎಂದು ಹೊಳೆಯಿತು.