ಪಕ್ಕದ ಸೈಟಿನ ಧೂಳಿಗೆ ಶಿಯೋಮಿ 4 ಲೈಟ್ ಏರ್ ಪ್ಯೂರಿಫೈಯರ್ ಎಷ್ಟು ಉಪಯೋಗ?

ಪಕ್ಕದಲ್ಲಿ ಮನೆ ಏಳುವಾಗ ಬರುವ ಧೂಳೆಲ್ಲ ಒಂದೇ ಬಗೆಯದಲ್ಲ. ಮಣ್ಣು, ಎಂ-ಸ್ಯಾಂಡ್, ಸಿಮೆಂಟಿನ ದಪ್ಪ ಕಣಗಳು ಕೆಲವೇ ನಿಮಿಷಗಳಲ್ಲಿ ನೆಲಕ್ಕೆ, ಮೇಜಿಗೆ ಕೂರುತ್ತವೆ. ಗ್ರಾನೈಟನ್ನೋ ಕಾಂಕ್ರೀಟನ್ನೋ ನೀರು ಬಿಡದೆ ಕತ್ತರಿಸಿದಾಗ ಏಳುವ ಸಿಲಿಕಾದ ನುಣುಪು ಪುಡಿ ಮಾತ್ರ ಗಂಟೆಗಟ್ಟಲೆ ಗಾಳಿಯಲ್ಲೇ ಇದ್ದು ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಪ್ಯೂರಿಫೈಯರ್ ಹಿಡಿಯುವುದು ಮುಖ್ಯವಾಗಿ ಈ ತೇಲುವ ಪುಡಿಯನ್ನು. ಮೇಜು ಒರೆಸುವ ಕೆಲಸ ತಪ್ಪಲಿ ಎಂದು ಕೊಂಡರೆ ನಿರಾಸೆಯೇ. ಮಗು ಅಥವಾ ಅಸ್ತಮಾ ಇರುವವರು ಮಲಗುವ ಕೋಣೆಗಾದರೆ ಧಾರಾಳವಾಗಿ ಕೊಳ್ಳಬಹುದು.

4 ಲೈಟ್‌ನ ಹೆಚ್ಚುಗಾರಿಕೆ ಗಾಳಿಯ ಪ್ರಮಾಣದಲ್ಲಿದೆ. ಕಂಪನಿ ಹೇಳುವ ಸಿಎಡಿಆರ್ (ಯಂತ್ರ ಸೋಸಿ ಕೊಡುವ ಶುದ್ಧ ಗಾಳಿಯ ಪ್ರಮಾಣ) ಗಂಟೆಗೆ 360 ಘನ ಮೀಟರ್. 12x12 ಅಡಿಯ, 10 ಅಡಿ ಎತ್ತರದ ಕೋಣೆಯಲ್ಲಿರುವುದು ಸುಮಾರು 41 ಘನ ಮೀಟರ್ ಗಾಳಿ. ಅದು ಗಂಟೆಗೆ 5 ಸಲ ಫಿಲ್ಟರ್ ದಾಟಲು 205 ಘನ ಮೀಟರ್ ಸಾಕು. ಹಾಗಾಗಿ ಪೂರ್ತಿ ವೇಗದ ಸದ್ದು ಸಹಿಸಬೇಕಿಲ್ಲ. 12x20 ಅಡಿ ಹಾಲ್‌ಗೆ ಪೂರ್ತಿ ವೇಗವೇ ಬೇಕು. ಮೆಟ್ಟಿಲಿನ ಕಡೆ ತೆರೆದಿರುವ ಡ್ಯೂಪ್ಲೆಕ್ಸ್ ಹಾಲ್‌ಗೆ ಇದು ಸಾಲದು. 33 ವ್ಯಾಟ್ ಆದ್ದರಿಂದ ಹಗಲೂ ರಾತ್ರಿ ಓಡಿದರೂ ದಿನಕ್ಕೆ ಒಂದು ಯೂನಿಟ್ ಆಗುವುದಿಲ್ಲ.

ಕೊರತೆ ಇರುವುದು ಫಿಲ್ಟರಿನಲ್ಲಿ. ದಪ್ಪ ಧೂಳು ತಡೆಯುವ ಪ್ರಿ-ಫಿಲ್ಟರ್ ಬಲೆ, ನುಣುಪು ಕಣ ಹಿಡಿಯುವ ಹೆಪಾ, ವಾಸನೆ ಹೀರುವ ಕಾರ್ಬನ್ ಮೂರನ್ನೂ ಒಂದೇ ಸಿಲಿಂಡರಿನಲ್ಲಿ ಕೂಡಿಸಿರುವುದರಿಂದ ಹೊರಬಲೆಯನ್ನು ಬಿಚ್ಚಿ ನಲ್ಲಿಯ ಕೆಳಗೆ ತೊಳೆಯಲಾಗದು. ಸೈಟ್ ಪಕ್ಕದ ಮನೆಯಲ್ಲಿ ಆ ಬಲೆಯ ಮೇಲೆ ಬೂದು ಪದರ ಬೇಗ ಕಟ್ಟಿಕೊಂಡು ಗಾಳಿ ಎಳೆಯುವುದು ಕುಗ್ಗುತ್ತದೆ. ಹದಿನೈದು ದಿನಕ್ಕೊಮ್ಮೆ ಎನ್95 ಮಾಸ್ಕ್ ಹಾಕಿಕೊಂಡು, ಫಿಲ್ಟರನ್ನು ಟೆರೇಸಿಗೆ ಒಯ್ದು, ವ್ಯಾಕ್ಯೂಮ್ ಕ್ಲೀನರಿನ ಬ್ರಷ್‌ನಿಂದ ಹೊರಮೈಯ ಧೂಳನ್ನಷ್ಟೇ ಹಗುರಾಗಿ ಎಳೆಯಿರಿ. ಗೋಡೆಗೆ ಬಡಿದರೆ ಹೆಪಾ ಕಾಗದ ಹರಿಯಬಹುದು, ನೀರು ತಾಕಿದರೆ ಕೆಟ್ಟಿತೆಂದೇ ಲೆಕ್ಕ. ಕಂಪನಿ ಹೇಳುವ ಫಿಲ್ಟರ್ ಆಯುಷ್ಯವನ್ನು ಇಲ್ಲಿ ನಂಬಬೇಡಿ, ಬದಲಿ ಫಿಲ್ಟರಿನ ಖರ್ಚನ್ನು ಮೊದಲೇ ಸೇರಿಸಿ ಲೆಕ್ಕ ಹಾಕಿ. ತೊಳೆಯುವ ಪ್ರಿ-ಫಿಲ್ಟರ್ ಬೇರೆಯಾಗಿರುವ, ಇಷ್ಟೇ ಸಿಎಡಿಆರ್‌ನ ಯಂತ್ರ ಸಿಕ್ಕರೆ ಈ ಕೆಲಸಕ್ಕೆ ಅದೇ ಮೇಲು.

ಯಂತ್ರದ ಪರದೆಯ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಅದು ತೋರಿಸುವುದು ಪಿಎಂ 2.5 (2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು) ಮಾತ್ರ, ದಪ್ಪ ಧೂಳು ಇಂಥ ಸಣ್ಣ ಸೆನ್ಸರಿಗೆ ಸರಿಯಾಗಿ ಕಾಣುವುದೇ ಇಲ್ಲ. ಕಿಟಕಿಯ ದಂಡೆಯಲ್ಲಿ ಬೆರಳಿಟ್ಟರೆ ಗುರುತು ಮೂಡುವಷ್ಟು ಸಿಮೆಂಟ್ ಇದ್ದರೂ ದೀಪ ಹಸಿರೇ ಇರಬಹುದು. ಕೆಲಸ ನಡೆಯುವ ಹೊತ್ತಿನಲ್ಲಿ ಆಟೊ ಮೋಡ್ ಬಿಟ್ಟು ವೇಗವನ್ನು ಕೈಯಾರೆ ಏರಿಸಿ.

ಸಂದಿ ಮುಚ್ಚದೆ ಎಂಥ ಯಂತ್ರ ತಂದರೂ ಹೊರಗಿನ ಗಾಳಿಯನ್ನೇ ಸೋಸುತ್ತಾ ಕೂರಬೇಕಾಗುತ್ತದೆ. ಸ್ಲೈಡಿಂಗ್ ಕಿಟಕಿಯ ಎರಡು ಗಾಜು ಸೇರುವಲ್ಲಿ ಸವೆದ ವುಲ್ ಪೈಲ್ ಪಟ್ಟಿ (ಸಂದಿ ತುಂಬುವ ರೋಮದಂಥ ಪಟ್ಟಿ) ಬದಲಿಸಿ, ಮರದ ಕಿಟಕಿಗೆ ಫೋಮ್ ಟೇಪ್, ಬಾಗಿಲ ಕೆಳಗೆ ಡೋರ್ ಸೀಲ್ ಹಾಕಿ. ಸೊಳ್ಳೆ ಪರದೆಯ ಕಣ್ಣು ಒಂದು ಮಿಲಿಮೀಟರಿನಷ್ಟು, ಧೂಳಿನ ಕಣ ಅದರ ನೂರನೇ ಒಂದು ಪಾಲು, ಅದನ್ನು ನೆಚ್ಚಬೇಡಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹೊರಗೆ ತಳ್ಳಿದಷ್ಟೇ ಗಾಳಿ ಬೇರೆ ಸಂದಿಗಳಿಂದ ಒಳಗೆ ಬರುತ್ತದೆ, ಅದು ಓಡುವಾಗ ಮಲಗುವ ಕೋಣೆಯ ಬಾಗಿಲು ಮುಚ್ಚಿರಲಿ. ಗ್ಯಾಸ್ ಗೀಸರ್ ಇರುವ ಬಚ್ಚಲಿನ ಕಿಂಡಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಕೂಡದು, ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಕಿಟಕಿ ತೆರೆದು ಗಾಳಿಯಾಡಿಸಿ.

ಕಸಬರಿಗೆಯಿಂದ ಗುಡಿಸಿದರೆ ಕೂತ ಧೂಳು ಮತ್ತೆ ಏಳುತ್ತದೆ. ಫ್ಯಾನ್ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ.

ಪ್ಯೂರಿಫೈಯರನ್ನು ಗೋಡೆಯಿಂದ ಒಂದಡಿ ದೂರವಿಡಿ, ಸುತ್ತಲಿಂದಲೂ ಗಾಳಿ ಎಳೆಯುತ್ತದೆ. ಇದಕ್ಕೆಲ್ಲ ಮೊದಲು ಮೇಸ್ತ್ರಿಯನ್ನು ಕಂಡು, ಕಟ್ಟರ್ ಬ್ಲೇಡಿಗೆ ನೀರು ಬಿಡಲು, ಹಸಿರು ಬಲೆ ಕಟ್ಟಲು ಕೇಳಿ. ತೆರೆದ ಜಾಗದಲ್ಲಿ ಕತ್ತರಿಸುವುದು, ಉಜ್ಜುವುದನ್ನು ಕೇಂದ್ರ ಪರಿಸರ ಸಚಿವಾಲಯದ 2018ರ ಧೂಳು ನಿಯಂತ್ರಣ ನಿಯಮವೇ ನಿಷೇಧಿಸಿದೆ. ಕೇಳದಿದ್ದರೆ ಫೋಟೊ ಸಮೇತ ಪಾಲಿಕೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ದೂರು ಕೊಡಿ.