ಸ್ವಂತಕ್ಕೊಂದು ತುಂಡು ಕಾಡು: ಕಾಫಿ ತೋಟ, ಸೊಪ್ಪಿನ ಬೆಟ್ಟ, ಬಯಲುಸೀಮೆಯ ಕುರುಚಲು

ಮರಗಳ ನಡುವೆ ನಾಲ್ಕೈದು ಎಕರೆ, ಅದರಲ್ಲೊಂದು ಪುಟ್ಟ ಮನೆ, ಸುತ್ತ ಯಾರ ಗೊಡವೆಯೂ ಇಲ್ಲದ ನೆಮ್ಮದಿ. ಇಷ್ಟನ್ನು ಬಯಸುವವರು ನನ್ನ ಪರಿಚಿತರಲ್ಲೇ ಹಲವರಿದ್ದಾರೆ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರಿಗೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳುವ ದಾರಿ ತೆರೆದಿದೆ. ಆದರೆ ಕೊಳ್ಳಲು ಸಿಗುವುದು ಕಾಡಲ್ಲ, ಸರ್ವೆ ನಂಬರ್ ಇರುವ ಕೃಷಿ ಜಮೀನು. ಅದರ ಮೇಲೆ ಮರ ಎಷ್ಟಿದೆ, ಆ ಮರ ಯಾರದ್ದು, ಅದನ್ನು ಅದರ ಪಾಡಿಗೆ ಬಿಡಲು ನಮ್ಮಿಂದ ಸಾಧ್ಯವೇ ಎಂಬುದೇ ಮುಖ್ಯ ಪ್ರಶ್ನೆ.

ನನ್ನ ಮುಂದೆ ಮೂರು ಆಯ್ಕೆಗಳಿದ್ದವು. ದಕ್ಷಿಣ ಕೊಡಗಿನ ನೆರಳಿನ ಕಾಫಿ ತೋಟ, ಉತ್ತರ ಕನ್ನಡದ ಸಿದ್ದಾಪುರ ಕಡೆಯ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಸಮೇತದ ಅಡಿಕೆ ತೋಟ, ಮತ್ತು ತುಮಕೂರು ಜಿಲ್ಲೆಯ ಶಿರಾ ಸೀಮೆಯಲ್ಲಿ ಗುಡ್ಡದ ಬುಡದ ಕುರುಚಲು ನೆಲ. ಮೂರು ಕಡೆಯೂ ಬಾಡಿಗೆಗೆ ಇದ್ದು, ಮಳೆಗಾಲ ಬೇಸಿಗೆ ಎರಡನ್ನೂ ಕಂಡು, ಅಲ್ಲಿನ ಕೆಲಸಕ್ಕೆ ಕೈಹಾಕಿದ ಮೇಲೆಯೇ ತೀರ್ಮಾನಕ್ಕೆ ಬಂದೆ. ಕೊನೆಗೆ ಕೊಂಡದ್ದು ಮೂರನೆಯದನ್ನು. ಕಣ್ಣಿಗೆ ಮೂರರಲ್ಲಿ ಅದೇ ಅತ್ಯಂತ ಬಡವಾದದ್ದು.

ಚೆಲುವಿನ ಮಾತು ಬಂದರೆ ಕೊಡಗಿಗೆ ಸಾಟಿಯಿಲ್ಲ. ಹಳೆಯ ರೊಬಸ್ಟಾ ತೋಟವೊಂದರಲ್ಲಿ ತಲೆಯೆತ್ತಿದರೆ ನಂದಿ, ಮತ್ತಿ, ಹಲಸು, ಬೀಟೆ. ಬುಡದಲ್ಲಿ ಕಾಫಿ, ಕಾಂಡದ ಮೇಲೆ ಕಾಳುಮೆಣಸು. ಮಂಗಟ್ಟೆ ಹಾರುವಾಗ ರೆಕ್ಕೆಯ ಸದ್ದು ಮರದ ತುದಿಯಿಂದ ನೆಲಕ್ಕೆ ಕೇಳುತ್ತದೆ. ಒಂದು ವಾರ ಉಳಿದವರು ಇದೇ ಸ್ವರ್ಗವೆಂದು ಮರಳುತ್ತಾರೆ. ವರ್ಷವಿಡೀ ಇದ್ದರೆ ಗೊತ್ತಾಗುವುದೇ ಬೇರೆ: ಅದು ಕಾಡಿನ ವೇಷದಲ್ಲಿರುವ ಕೆಲಸದ ಜಾಗ. ಜನವರಿಯಿಂದ ಹಣ್ಣು ಕೊಯ್ಲು. ಅದು ಮುಗಿಯುವ ಹೊತ್ತಿಗೆ ಹೂಮಳೆಗಾಗಿ ಆಕಾಶ ನೋಡುವುದು. ಮಳೆ ಬಾರದಿದ್ದರೆ ಕೆರೆಗೆ ಪಂಪು ಇಳಿಸಿ ತುಂತುರು ನೀರಾವರಿ. ಡೀಸೆಲ್ ಎಂಜಿನ್ ಹಗಲೂ ರಾತ್ರಿಯೂ ಗುಡುಗುತ್ತಿರುತ್ತದೆ. ಮುಂಗಾರಿಗೆ ಮೊದಲು ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವುದು, ಆಮೇಲೆ ಗೊಬ್ಬರ, ಕಳೆ, ಚಿಗುರು ತೆಗೆಯುವುದು. ಹಲಸು ಹಣ್ಣಾಗುವ ಕಾಲದಲ್ಲಿ ಆನೆ ತೋಟಕ್ಕೆ ಇಳಿಯುತ್ತದೆ, ಅಕ್ಕಪಕ್ಕದವರು ಪಟಾಕಿ ಸಿಡಿಸುತ್ತಾರೆ. ನಾನಿದ್ದ ಮನೆಯ ಅಂಗಳದಿಂದ ಕೂಗಳತೆಯಲ್ಲಿ ಸೋಲಾರ್ ಬೇಲಿಯ ಕಂಬವೊಂದನ್ನು ಆನೆ ಬಾಗಿಸಿ ಹೋಗಿತ್ತು. ಅದರ ಮೇಲೆ ನನಗೆ ಕೋಪವಿಲ್ಲ, ಅದು ಅದರ ದಾರಿ. ಆದರೆ ಆ ದಾರಿಯಲ್ಲಿ ಸಂಜೆ ಆರರ ಮೇಲೆ ಕಾಲಿಡಲಾಗದು ಎಂಬುದನ್ನು ಕೊಳ್ಳುವವರು ತಿಳಿದಿರಬೇಕು.

ಕೆಲಸವನ್ನೆಲ್ಲ ನಿಲ್ಲಿಸಿ ತೋಟವನ್ನು ಕಾಡಾಗಲು ಬಿಡಬಹುದಲ್ಲ ಎನ್ನುವವರಿದ್ದಾರೆ. ಖಂಡಿತ ಬಿಡಬಹುದು, ಬಿಟ್ಟವರೂ ಇದ್ದಾರೆ. 1991ರಲ್ಲಿ ಪಮೇಲಾ ಮತ್ತು ಅನಿಲ್ ಮಲ್ಹೋತ್ರ ದಂಪತಿ ದಕ್ಷಿಣ ಕೊಡಗಿನಲ್ಲಿ 55 ಎಕರೆ ಕೊಂಡು ಆರಂಭಿಸಿದ ಸಾಯಿ ಅಭಯಾರಣ್ಯ ಮುಂದೆ ಸುಮಾರು 300 ಎಕರೆಗೆ ಬೆಳೆಯಿತು. ಪಾಳು ಬಿದ್ದ ತೋಟಗಳು ಅಲ್ಲಿ ಮತ್ತೆ ಮಳೆಕಾಡಾದವು. ಅದು ನನ್ನಂಥವರಿಗೆಲ್ಲ ದೊಡ್ಡ ಧೈರ್ಯ ಕೊಟ್ಟ ಕೆಲಸ. ಆದರೆ ಇವತ್ತು ಫಲ ಕೊಡುವ ಕಾಫಿ ತೋಟದ ಬೆಲೆಯೊಳಗೆ ಮುಂದಿನ ಫಸಲುಗಳ ಬೆಲೆಯೂ ಸೇರಿರುತ್ತದೆ. ಕೊಯ್ಯದೆ ಬಿಡುವ ಫಸಲಿಗೆ ಅಷ್ಟು ಹಣ ತೆರುವುದು ನನ್ನ ಮಟ್ಟಿಗೆ ಸರಿ ಕಾಣಲಿಲ್ಲ. ಇನ್ನೊಂದು ತೊಡಕು ಮರದ ಹಕ್ಕು. ಕೊಡಗಿನಲ್ಲಿ 'ರಿಡೀಮ್ಡ್', 'ಅನ್‌ರಿಡೀಮ್ಡ್' ಎಂಬ ಎರಡು ಬಗೆ ಇದೆ. ಎರಡನೆಯ ಬಗೆಯಲ್ಲಿ ನೆಲ ನಿಮ್ಮದಾದರೂ ಅದರ ಮೇಲಿನ ಮರಗಳ ಮೌಲ್ಯ ಸರ್ಕಾರಕ್ಕೆ ಸಂದಾಯವಾಗಿರುವುದಿಲ್ಲ, ಹಾಗಾಗಿ ಮರದ ಹಕ್ಕು ಸರ್ಕಾರದ್ದು. ಜಮ್ಮಾ ಬಾಣೆಯಾದರೆ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ನೆಲವಾದರೆ, ಇಡೀ ಮನೆತನದ ಹೆಸರುಗಳು ಪಹಣಿಯಲ್ಲಿರಬಹುದು. ಒಬ್ಬರ ಸಹಿ ತಪ್ಪಿದರೂ ವ್ಯಾಜ್ಯಕ್ಕೆ ಅದು ಸಾಕು.

ಸಿದ್ದಾಪುರದ ಕಡೆ ಕಂಡದ್ದು ನಿಜವಾದ ಕಾಡು, ಆದರೆ ಮಾರುವವರದ್ದಲ್ಲ. ಜಾಹೀರಾತಿನಲ್ಲಿ 'ಹತ್ತು ಎಕರೆ' ಎಂದಿರುತ್ತದೆ; ಪಹಣಿ ಬಿಡಿಸಿ ನೋಡಿದರೆ ತೋಟ ಒಂದೇ ಎಕರೆ, ಉಳಿದದ್ದು ಸೊಪ್ಪಿನ ಬೆಟ್ಟ. ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಡುವ ಪದ್ಧತಿ ಬ್ರಿಟಿಷರ ಕಾಲದ್ದು. ಅಲ್ಲಿ ತೋಟದವರಿಗೆ ಇರುವುದು ಸೊಪ್ಪು, ದರಕು (ಒಣಗಿದ ಎಲೆ), ಕರಡ (ಒಣಹುಲ್ಲು) ತರುವ ಸವಲತ್ತು ಮಾತ್ರ, ಒಡೆತನವಲ್ಲ. ಕರಾವಳಿಯ ಕುಮ್ಕಿ, ಕೊಡಗಿನ ಬಾಣೆ, ಮಲೆನಾಡಿನ ಕಾನು ಎಂಬ ಇಂಥದೇ ನೆಲಗಳಿಗೆಲ್ಲ 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಉಳಿಸಿಕೊಟ್ಟಿರುವುದೂ ಇಂಥ ಸವಲತ್ತನ್ನೇ. ಮನೆ ಕಟ್ಟುವಂತಿಲ್ಲ, ಬೇರೆಯಾಗಿ ಮಾರುವಂತಿಲ್ಲ. ಇದನ್ನು ಮುಚ್ಚಿಟ್ಟು ಹತ್ತು ಎಕರೆಯ ಬೆಲೆ ಹೇಳುವ ದಲ್ಲಾಳಿಗಳನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಆದರೂ ನ್ಯಾಯವಾಗಿ ಹೇಳಬೇಕೆಂದರೆ, ಒಡೆತನದ ಹಂಬಲವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಕಷ್ಟ. ಬೆಟ್ಟವನ್ನು ಚೆನ್ನಾಗಿ ಇಟ್ಟುಕೊಂಡ ಮನೆಗಳಲ್ಲಿ ಉಪ್ಪಾಗೆ, ಮುರುಗಲು, ರಾಮಪತ್ರೆ ಇನ್ನೂ ಉಳಿದಿವೆ. ತೋಟದ ಮೇಲ್ತುದಿಯಲ್ಲಿ ಬೇಸಿಗೆಯ ಕೊನೆಯವರೆಗೂ ಅಬ್ಬಿ ನೀರು ಹರಿಯುತ್ತಿತ್ತು. ಎಂಜಿನ್ ಸದ್ದಿಲ್ಲ, ರಸ್ತೆ ದೂರ. ಜುಲೈಯಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸದು. ಗೋಡೆ ಹಸಿ, ಬಟ್ಟೆ ಹಸಿ, ಕಾಲಿಗೆ ಇಂಬಳ. ಇವನ್ನೆಲ್ಲ ಸಹಿಸಬಹುದು. ಹೆಚ್ಚು ಯೋಚಿಸಬೇಕಾದದ್ದು ಬೇಸಿಗೆಯ ಅಪಾಯ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಚುರುಕಾಗುವುದು ಡಿಸೆಂಬರ್‌ನಿಂದ ಮೇ ತನಕ, ಅಂದರೆ ಪೇಟೆಯವರು ಕಾಡಿನಲ್ಲಿ ಅಡ್ಡಾಡಲು ಬರುವ ತಿಂಗಳುಗಳಲ್ಲೇ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜನ ಪಟ್ಟ ಪಾಡು ಆ ಭಾಗದಲ್ಲಿ ಯಾರೂ ಮರೆತಿಲ್ಲ. ನಾನಿದ್ದ ಮನೆಯವರು ಬೆಟ್ಟಕ್ಕೆ ಹೊರಡುವ ಮುನ್ನ ಆರೋಗ್ಯ ಇಲಾಖೆ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಹಚ್ಚುತ್ತಿದ್ದರು, ಮರಳಿದ ಕೂಡಲೇ ಬಿಸಿನೀರಿನ ಸ್ನಾನ, ಉಟ್ಟ ಬಟ್ಟೆ ಕುದಿಯುವ ಹಂಡೆಗೆ. ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಆ ದಿಕ್ಕಿಗೆ ಯಾರೂ ಹೋಗುವುದಿಲ್ಲ. ಈ ಶಿಸ್ತು ಮೈಗೂಡಿದವರು ಅಲ್ಲಿ ಹಾಯಾಗಿರಬಹುದು. ವಾರದ ಕೊನೆಗೆ ಮಕ್ಕಳನ್ನು ಕರೆದುಕೊಂಡು ಬಂದು ಹೋಗುವವರಿಗೆ ಅದು ಸುಲಭವಲ್ಲ.

ಕಂಪನಿಗಳು ವಿಂಗಡಿಸಿ ಮಾರುವ 'ಫಾರ್ಮ್ ಪ್ಲಾಟ್'ಗಳನ್ನೂ ನೋಡಿಬಂದೆ. ಹತ್ತು ಗುಂಟೆಗೊಂದು ಗೇಟು, ಸಾಲು ಮಹಾಗನಿ, ಶನಿವಾರ ರಾತ್ರಿ ಪಕ್ಕದವರ ಹಾಡು. ಶ್ರೀಗಂಧ ನೆಟ್ಟ ಕಡೆ ಇನ್ನೂ ಕಷ್ಟ. 2001ರ ತಿದ್ದುಪಡಿಯಿಂದ ಮರ ಜಮೀನಿನ ಮಾಲೀಕರದ್ದೇ ಆಯಿತು, ಅದನ್ನು ಕಳ್ಳರಿಂದ ಕಾಯುವ ಹೊಣೆಯೂ ಅವರದ್ದೇ. ದೀಪ, ನಾಯಿ, ಕಾವಲುಗಾರರ ನಡುವೆ ಕಾಡಿನ ಶಾಂತಿ ಹುಡುಕಬೇಕಾಗುತ್ತದೆ. ಇದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಇನ್ನು ಶಿರಾದ ಕಡೆಯದು. ಮೊದಲು ನೋಡಿದಾಗ ಕಲ್ಲು, ಬಂದರೆ ಗಿಡ, ತಂಗಡಿ, ನಡುನಡುವೆ ಜಾಲಿ. ಮರವೆಂದು ಕರೆಯಬಹುದಾದದ್ದು ಹಳ್ಳದ ದಡದ ಕೆಲವು ಹೊಂಗೆಗಳು ಮಾತ್ರ. ಆದರೆ ಬಗ್ಗಿ ನೋಡಿದರೆ ನೆಲ ಬೇರೆಯೇ ಕಥೆ ಹೇಳುತ್ತಿತ್ತು. ಮೊಣಕಾಲೆತ್ತರದ ಪೊದೆಯೊಂದರ ಕೊಂಬೆ ಸರಿಸಿದೆ. ಬುಡದಲ್ಲಿ ತೊಡೆಯಷ್ಟು ದಪ್ಪದ ಗಂಟು, ಅದರ ತುಂಬ ಕೊಡಲಿ ಬಿದ್ದ ಹಳೆಯ ಗುರುತುಗಳು, ಮೇಕೆಯ ಬಾಯಿ ತಲುಪಿದಷ್ಟಕ್ಕೆ ಸಮನಾಗಿ ಕತ್ತರಿಸಿಹೋದ ಕುಡಿಗಳು. ಎಲೆ ಜೋಡಿ ಜೋಡಿ, ಚಿಗುರು ನಸುಗೆಂಪು. ಅದು ಕಮರ. ಗಿಡದಂತೆ ಕಾಣುವ ಅದು ಹಳೆಯ ಮರ. ಮೇಲಕ್ಕೇಳಲು ಬಿಡುವಿಲ್ಲದೆ ನೆಲದೊಳಗೇ ಬದುಕಿಕೊಂಡಿತ್ತು. ಹುಡುಕಿದರೆ ದಿಂಡಿಗ, ಜಾಲಾರಿ, ಮುತ್ತುಗಗಳೂ ಹೀಗೇ ಇದ್ದವು. ಇಂಥ ನೆಲದಲ್ಲಿ ಗಿಡ ನೆಡುವುದು ಬೇಕಿಲ್ಲ. ಮೇಕೆ, ಕೊಡಲಿ, ಬೆಂಕಿ, ಈ ಮೂರನ್ನು ಹೊರಗಿಟ್ಟರೆ ಸಾಕು. ಹೊಸ ಸಸಿ ಬೇರು ಬಿಡಲು ವರ್ಷಗಳನ್ನೇ ಕಳೆಯುತ್ತದೆ. ಈ ಗಂಟುಗಳಿಗೆ ಆಳದ ಬೇರು ಆಗಲೇ ಇದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅವು ನನ್ನ ತಲೆ ಮೀರಿ ಬೆಳೆದಿವೆ.

ಮೇಕೆಯನ್ನು ಹೊರಗಿಡುವುದೆಂದರೆ ಊರವರನ್ನು ಹೊರಗಿಡುವುದಲ್ಲ. ನಾನು ಬೇಲಿ ಹಾಕುವ ಮೊದಲು ಕುರಿಗಾಹಿಗಳೊಡನೆ ಕುಳಿತು ಮಾತಾಡಿದೆ. ಅವರ ಮಂದೆ ಹಳ್ಳಕ್ಕೆ ಇಳಿಯುವ ದಾರಿಯನ್ನು ಬೇಲಿಯ ಹೊರಗೆ ಬಿಟ್ಟೆ, ಹುಲ್ಲನ್ನು ಕೊಯ್ದು ಒಯ್ಯಲು ಒಪ್ಪಿದೆ. ಹುಲ್ಲು ಕೊಯ್ದರೆ ಬೆಂಕಿಗೆ ಉರುವಲು ಕಡಿಮೆ, ನನಗೂ ಲಾಭವೇ. ಈ ಸೀಮೆಯಲ್ಲಿ ಕಾಡಿಗೆ ಬೆಂಕಿಯ ಭಯ ಜನವರಿಯಿಂದ ಏಪ್ರಿಲ್‌ವರೆಗೆ. ಸುತ್ತಲೂ ಎರಡು ಮಾರು ಅಗಲಕ್ಕೆ ಹುಲ್ಲು ಸವರಿ ಬೆಂಕಿರೇಖೆ ಮಾಡುವುದೇ ವರ್ಷದ ದೊಡ್ಡ ಕೆಲಸ. ಅದನ್ನು ಬಿಟ್ಟರೆ ಈ ನೆಲ ನನ್ನಿಂದ ಏನನ್ನೂ ಕೇಳುವುದಿಲ್ಲ. ಕಾಫಿ ತೋಟದಲ್ಲಿ ನಾನು ಕುಳಿತಾಗಲೆಲ್ಲ ಮಾಡದೆ ಉಳಿದ ಕೆಲಸ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಸುಮ್ಮನೆ ಕೂರುವುದೇ ಸರಿಯಾದ ಬೇಸಾಯ. ನಾನು ಹುಡುಕುತ್ತಿದ್ದ ನೆಮ್ಮದಿ ಇದು.

ನೀರಿನಲ್ಲಿ ಮಾತ್ರ ಶಿರಾ ಸೋಲುತ್ತದೆ, ಒಪ್ಪಬೇಕು. ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು. ಸಿದ್ದಾಪುರದಲ್ಲಿ ಅದರ ಹಲವು ಪಟ್ಟು. ಕೊಳವೆಬಾವಿಯನ್ನು ನಂಬುವ ಸೀಮೆ ಇದಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ನೂರು ಚದರ ಮೀಟರ್ ಚಾವಣಿಗೆ 60 ಸಾವಿರ ಲೀಟರ್. ಕಾಲು ಭಾಗ ಸೋರಿ ಹೋದರೂ 45 ಸಾವಿರ. ತೋಟಕ್ಕೆ ನೀರು ಹಾಯಿಸುವ ಅಗತ್ಯವಿಲ್ಲದ ಮನೆಯ ಅಡುಗೆ, ಕುಡಿಯುವುದು, ಸ್ನಾನಕ್ಕೆ ಇದು ಸಾಲುತ್ತದೆ. ಪ್ರಾಣಿಗಳ ಭಯ ಇಲ್ಲವೆಂದಲ್ಲ, ಚಿರತೆ ಇದೆ, ಸೀತಾಫಲದ ಕಾಲದಲ್ಲಿ ಕರಡಿ ಬರುತ್ತದೆ. ಹತ್ತಿರದ ಬುಕ್ಕಾಪಟ್ಟಣದ ಕಾಡನ್ನು 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಲಾಗಿದೆ. ಕುರುಚಲು ಕಾಡನ್ನು ಪಾಳು ಎಂದು ಕರೆಯುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು.

ಕಾಗದಪತ್ರದ ವಿಷಯದಲ್ಲಿ ಮೂರಕ್ಕೂ ಬೇರೆ ಬೇರೆ ಎಚ್ಚರ ಬೇಕು. ಬಯಲುಸೀಮೆಯಲ್ಲಿ ಮಂಜೂರಾತಿ ಜಮೀನು, ಅಂದರೆ ಸರ್ಕಾರ ಕೊಟ್ಟ ನೆಲ, ಜಾಸ್ತಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ನೆಲವನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ಕ್ರಯವೇ ಅಸಿಂಧು. 2023ರ ತಿದ್ದುಪಡಿಯ ನಂತರ ಕಾಲಮಿತಿಯ ನೆಪವೂ ಇಲ್ಲ. ಅದು ಇರಬೇಕಾದ ಕಾಯ್ದೆಯೇ. ಕೊಳ್ಳುವವರು ಮೂಲ ಮಂಜೂರಾತಿ ಕಡತದವರೆಗೆ ಹೋಗಿ ನೋಡಬೇಕು. ಪಹಣಿಯ 3ನೇ ಕಾಲಂನಲ್ಲಿ 'ಬಿ' ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗಿಲ್ಲದ ನೆಲ) ಎಷ್ಟಿದೆ, 11ನೇ ಕಾಲಂನಲ್ಲಿ ಯಾರ ಹಕ್ಕು, ಯಾವ ಸಾಲ ಇದೆ ಎಂಬುದನ್ನು ಓದದೆ ಮುಂಗಡ ಕೊಡಬೇಡಿ. ಮರ ದಟ್ಟವಾಗಿರುವ ನೆಲಕ್ಕೆ ಇನ್ನೊಂದು ಪ್ರಶ್ನೆ ಇದೆ. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದಂತೆ ಒಡೆತನ ಯಾರದ್ದೇ ಇರಲಿ, ಕಾಡೆಂದು ಕರೆಯಬಹುದಾದದ್ದು ಕಾಡೇ. ಅದರ ಮೇರೆಗೆ ಗುರುತಿಸಿದ ಪರಿಭಾವಿತ ಅರಣ್ಯದ (ಡೀಮ್ಡ್ ಫಾರೆಸ್ಟ್) ಪಟ್ಟಿಯನ್ನು ರಾಜ್ಯ ಸರ್ಕಾರ 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿತು. ನೀವು ಕೊಳ್ಳುವ ಸರ್ವೆ ನಂಬರ್ ಅದರಲ್ಲಿದೆಯೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಹೆಚ್ಚಿನ ಜಾತಿಯ ಮರ ಕಡಿಯುವುದಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕು; ಕಡಿಯುವ ಇರಾದೆಯೇ ಇಲ್ಲದವರಿಗೆ ಅದು ಅಡ್ಡಿಯಲ್ಲ, ಆಸರೆ.

ವರ್ಷವಿಡೀ ಅಲ್ಲೇ ನೆಲೆಸಿ ದುಡಿಯುವ ಮನಸ್ಸುಳ್ಳವರಿಗೆ ಕೊಡಗನ್ನೇ ಹೇಳುತ್ತೇನೆ. ಅಡಿಕೆಯ ಕೆಲಸ ಗೊತ್ತಿದ್ದು, ಬೆಟ್ಟವನ್ನು ತನ್ನದೆನ್ನದೆ ಕಾಯಬಲ್ಲವರಿಗೆ ಸಿದ್ದಾಪುರ. ಉಳಿದವರು ಬಯಲುಸೀಮೆಯ ಗುಡ್ಡದ ಬುಡಗಳನ್ನು ನೋಡಲಿ. ಹೋಗುವುದಾದರೆ ಮಳೆಯ ನಂತರ ಹೋಗಬೇಡಿ, ಆಗ ಎಲ್ಲ ನೆಲವೂ ಹಸಿರೇ. ಏಪ್ರಿಲ್‌ನಲ್ಲಿ, ಒಂದು ಹನಿಯೂ ಬೀಳದ ಹೊತ್ತಿನಲ್ಲಿ ಹೋಗಿ. ಮೇಯ್ದುಹೋದ ಪೊದೆಗಳ ಬುಡದಲ್ಲಿ ಕೆಂಪು ಚಿಗುರು ಕಂಡರೆ ಕೆಳಗೆ ಬೇರು ಜೀವಂತವಾಗಿದೆ ಎಂದರ್ಥ. ಕಾಣದಿದ್ದರೆ ಬೆಲೆ ಎಷ್ಟೇ ಕಡಿಮೆ ಹೇಳಲಿ, ಮುಂದಿನ ಸರ್ವೆ ನಂಬರ್ ನೋಡಿ.