ಗಂಟಿ ಬರ್ದಿರೋ 2 ಲೀಟರ್ ಬಾಟ್ಲಿ, ಕಿಡ್ನಿ ಸ್ಟೋನ್ ಇದ್ದೋರು ತಗೋಬಹುದ್ರಿ

ನಮ್ಮ ಅಪ್ಪಾಗ ಎರಡ್ ಸಲ ಕಿಡ್ನಿ ಸ್ಟೋನ್ ಆಗಿತ್ರಿ, ಡಾಕ್ಟರ್ ದಿನಕ್ಕ 2.5 ಲೀಟರ್ ಮೂತ್ರ ಹೋಗೂವಷ್ಟು ಕುಡೀರಿ ಅಂದ್ರು, ಅಂದ್ರ ನಮ್ಮ ಕಲಬುರಗಿ ಬಿಸಲಾಗ ಬೆವರಿನಾಗ ಹೋಗೋದೂ ಸೇರ್ಸಿ 3 ಲೀಟರ್ ದಾಟೇ ಕುಡೀಬೇಕು, ಆದ್ರ ಅಪ್ಪ ಅಂಗಡ್ಯಾಗ ಕುಂತ್ರ ನೀರಿನ ನೆನಪೇ ಇರಲ್ಲ. ಅದಕ್ಕ ಸೂಪರ್ ಮಾರ್ಕೆಟ್‌ನಾಗ ಈ ಬಾಟ್ಲಿ ತಂದೆ, ಮ್ಯಾಲ ಮುಂಜಾನಿ 7ರಿಂದ ಸಂಜಿ 7ರ ತನ ಗೆರಿ ಹಾಕ್ಯಾರ, ಎಷ್ಟೊತ್ತಿಗೆ ಎಷ್ಟು ಖಾಲಿ ಆಗ್ಬೇಕು ಅಂತ ಕಣ್ಣಿಗೇ ಕಾಣ್ತದ. ಈಗ ನಾನು ಮಧ್ಯಾಹ್ನ ಫೋನ್ ಮಾಡಿ "ಅಪ್ಪಾ, ಯಾವ ಗೆರಿ ಮುಟ್ಟೀರಿ" ಅಂತ ಕೇಳ್ತೀನಿ, ಅಷ್ಟ.

ಕೊರತಿ ಅಂದ್ರ ಪ್ಲಾಸ್ಟಿಕ್ ಅದ, ಮೇ ತಿಂಗಳದಾಗ ನೀರು ಕಾಯ್ತದ, ಅದಕ್ಕ ಮಡಕಿ ನೀರು ಎರಡ್ ಸಲ ತುಂಬ್ತೀವಿ. ಗೆರಿ ಸಂಜಿಗೇ ಮುಗೀತಾವ, ಆದ್ರ ರಾತ್ರಿ ಮೂತ್ರ ಗಟ್ಟಿ ಆಗ್ತದಲ್ಲ, ಮಲಗೋ ಮುಂಚೆ ಒಂದ್ ಗ್ಲಾಸ್ ನೆನಪಿಟ್ಟು ಕುಡಿಸ್ಬೇಕು. ನೀರಿಗೆ ನಿಂಬಿಹಣ್ಣು ಹಿಂಡ್ತೀವಿ, ಉಪ್ಪು ಸಕ್ರಿ ಏನೂ ಹಾಕಲ್ಲ, ನಿಂಬಿಯಾಗಿನ ಸಿಟ್ರೇಟ್ ಅನ್ನೋ ಅಂಶ ಹಳ್ಳು ಕಟ್ಟೋದು ತಡಿಯಾಕ ಸಹಾಯ ಮಾಡ್ತದ. ಹಾರ್ಟ್ ತೊಂದ್ರಿ, ಕಿಡ್ನಿ ವೀಕ್ ಇದ್ದೋರು ಮಾತ್ರ ಡಾಕ್ಟರ್‌ಗ ಕೇಳೇ ಕುಡೀರಿ.